ಗಿರಣಿ ಯಜಮಾನರ ಸಪ್ಪೆ ಅಡುಗೆ

ಯಳಂದೂರಿನ ಅಕ್ಕಿ ಗಿರಣಿಯ ಯಜಮಾನರು ನನ್ನನ್ನು ಕರೆಸಿಕೊಂಡದ್ದು ಮದುವೆ ಅಡುಗೆಗಲ್ಲ, ತಮ್ಮ ಮೈ ಇಳಿಸಿಕೊಳ್ಳುವುದಕ್ಕೆ. ಅರವತ್ತರ ದಶಕ ಮುಗಿಯುತ್ತ ಬಂದಿತ್ತು. ನನ್ನ ಮನೆ ಕೊಳ್ಳೇಗಾಲದಲ್ಲಿ. ಸುತ್ತಿನ ಶಿವಭಕ್ತರ ಮನೆಗಳಲ್ಲಿ ಐನೂರು ಎಲೆ ಬೀಳುವ ಮದುವೆ ಎಂದರೆ ಒಲೆ ಹೂಡುವುದಕ್ಕೆ ಮೊದಲು ನನ್ನ ದಿನ ಕೇಳುತ್ತಿದ್ದರು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಅಕ್ಷರ ಕೂಡಿಸಿ ಒಂದು ಸಾಲು ಓದುವಷ್ಟರಲ್ಲಿ ಬೇಳೆ ಸೀದುಹೋಗುತ್ತದೆ. ಆದರೆ ಒಲೆಯ ಮುಂದೆ ನನಗೆ ಹೇಳಿಕೊಡುವವರು ಆ ಸೀಮೆಯಲ್ಲಿ ಇರಲಿಲ್ಲ. ಇದ್ದಿದ್ದರೂ ನಾನು ಕೇಳುತ್ತಿರಲಿಲ್ಲ.

ಯಜಮಾನರದು ಎತ್ತರಕ್ಕೆ ಮೀರಿದ ಮೈ. ಒಂದು ದಿನ ಗಿರಣಿಯ ಅಟ್ಟಕ್ಕೆ ಹತ್ತುವಾಗ ನಡುಮೆಟ್ಟಿಲಲ್ಲೇ ಕೂತುಬಿಟ್ಟಿದ್ದರಂತೆ. ತುಟಿ ನೇರಳೆಹಣ್ಣು ತಿಂದವರಂತೆ ಕಪ್ಪಿಟ್ಟಿತ್ತಂತೆ. ಕೊಳ್ಳೇಗಾಲದ ಡಾಕ್ಟರು ನೋಡಿ, ಹೃದಯ ಹಿಗ್ಗಿದೆ, ಬಲ ಹೋಗಿದೆ, ಎತ್ತು ಬದಲಾಯಿಸುವ ಹಾಗಿಲ್ಲ, ಗಾಡಿಯ ಹೊರೆ ಇಳಿಸಬಹುದು ಅಷ್ಟೆ ಎಂದಿದ್ದರು. ಆ ಡಾಕ್ಟರು ಕೊಳ್ಳೇಗಾಲ ಮದ್ರಾಸಿಗೆ ಸೇರಿದ್ದ ಕಾಲದಿಂದ ಅಲ್ಲೇ ಇದ್ದವರು. ಮಾತಿನ ನಡುವೆ ತಮಿಳು ಬರುತ್ತಿತ್ತು. ಅವರು ಒಂದು ಚೀಟಿ ಬರೆದುಕೊಟ್ಟಿದ್ದರು. ಉಪ್ಪು ಬೇಡ. ತುಪ್ಪ, ತೆಂಗಿನಕಾಯಿ, ಉಪ್ಪಿನಕಾಯಿ, ಹಪ್ಪಳ ಬೇಡ. ರಾತ್ರಿ ಅನ್ನ ಬೇಡ. ಮುದ್ದೆ ಕಿತ್ತಳೆಹಣ್ಣಿನ ಗಾತ್ರ. ನೀರು ದಿನಕ್ಕೆ ಎರಡು ಚೊಂಬು, ಮಜ್ಜಿಗೆ ಸಾರು ಎಲ್ಲ ಸೇರಿ.

ಆ ಚೀಟಿಯನ್ನು ನನಗೆ ಓದಿಹೇಳಿದವಳು ಮನೆಯ ಸೊಸೆ. ಹನೂರಿನ ಕಡೆಯ ರೈತರ ಮಗಳು, ಏಳನೇ ಕ್ಲಾಸು ಓದಿದ್ದಳು. ಯಜಮಾನರ ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು. ಮನೆ ನಡೆಸುತ್ತಿದ್ದವರು ಅವರ ಅಕ್ಕ. ಗಂಡ ಸತ್ತ ಮೇಲೆ ತಮ್ಮನ ಮನೆಗೇ ಬಂದು ನಿಂತವರು. ಅಕ್ಕಯ್ಯ ಎಂದೇ ಎಲ್ಲರೂ ಕರೆಯುತ್ತಿದ್ದರು. ಮಗ ಗಿರಣಿಯ ಕೆಲಸವಾಯಿತು, ತಾನಾಯಿತು. ಸೋದರತ್ತೆಯ ಮುಂದೆ ಅವನ ಬಾಯಿ ಏಳುತ್ತಿರಲಿಲ್ಲ.

ಆ ಮನೆಯಲ್ಲಿ ಒಂದು ಕಟ್ಟುನಿಟ್ಟಿತ್ತು. ಯಜಮಾನರು ಲಿಂಗಪೂಜೆ ಮುಗಿಸಿ ಕೂತರೆ ತಟ್ಟೆಗೆ ಬಿದ್ದದ್ದು ಪ್ರಸಾದ. ಒಂದು ಅಗುಳು ಬಿಡುವಂತಿಲ್ಲ. ಉಂಡಾದ ಮೇಲೆ ತಟ್ಟೆಗೆ ನೀರು ಹಾಕಿ, ಬೆರಳಲ್ಲಿ ತೊಳೆದು, ಆ ನೀರನ್ನೂ ಕುಡಿಯಬೇಕು. ನಲವತ್ತು ವರ್ಷದಿಂದ ಅವರು ಹಾಗೇ ಉಂಡವರು. ಅಕ್ಕಯ್ಯನ ಪ್ರೀತಿ ಎಂದರೆ ಸೌಟು ತುಂಬ. ಅವರು ಬಡಿಸುತ್ತಿದ್ದರು, ಇವರು ಬಿಡುವಂತಿಲ್ಲದೆ ತಿನ್ನುತ್ತಿದ್ದರು. ಅವರ ಮೈ ಬಂದದ್ದು ನಾಲಿಗೆಯಿಂದಲ್ಲ, ಆ ಸೌಟಿನಿಂದ ಎಂದು ನನಗೆ ಎರಡೇ ದಿನದಲ್ಲಿ ಗೊತ್ತಾಯಿತು. ಆದ್ದರಿಂದ ಅಡುಗೆ ಮನೆಗೆ ಕಾಲಿಟ್ಟ ಮೊದಲ ವಾರವೇ ಬಡಿಸುವ ಸೌಟು ನನ್ನ ಕೈಯಲ್ಲಿರಬೇಕು ಎಂದು ಹಟ ಹಿಡಿದೆ. ಅಕ್ಕಯ್ಯ ಮೂರು ದಿನ ನನ್ನ ಜೊತೆ ಮಾತು ಬಿಟ್ಟರು.

ಒಲೆ ಎರಡು ಮಾಡಿದೆ. ದೊಡ್ಡದು ಮನೆಯವರಿಗೆ, ಚಿಕ್ಕದು ಯಜಮಾನರಿಗೆ. ಅವರ ಪಾತ್ರೆ ಬೇರೆ, ಸೌಟು ಬೇರೆ. ಹುರುಳಿ ನೆನೆಹಾಕಿ ಮೊಳಕೆ ಕಟ್ಟಿ ಬೇಯಿಸಿ, ಅದರ ಬಸಿದ ಕಟ್ಟಿನ ನೀರಿಗೆ ಹುರಿದ ಮೆಣಸು ಜೀರಿಗೆ ಕುಟ್ಟಿಹಾಕಿ ಸಾರು. ಕೆಂಡದಲ್ಲಿ ಸುಟ್ಟ ಬದನೆಕಾಯಿಗೆ ಹುಣಸೆರಸ. ನುಗ್ಗೆಸೊಪ್ಪು, ದಂಟುಸೊಪ್ಪು, ಒಣಮೆಣಸಿನಕಾಯಿಯ ಒಗ್ಗರಣೆ ಎಣ್ಣೆಯ ವಾಸನೆಗೆ ಮಾತ್ರ. ಮುದ್ದೆಗೆ ಹಿಟ್ಟನ್ನು ಅಳೆದೇ ಹಾಕುತ್ತಿದ್ದೆ.

ಪ್ರತಿ ಸೋಮವಾರ ಬೆಳಿಗ್ಗೆ ಪೂಜೆಗೆ ಮುಂಚೆ ಗಿರಣಿಯಲ್ಲಿ ಭತ್ತದ ಮೂಟೆ ತೂಗುವ ತಕ್ಕಡಿಯ ಮೇಲೆ ಯಜಮಾನರು ನಿಲ್ಲುತ್ತಿದ್ದರು. ಮಣ ಸೇರು ಹೋಗಿ ಕಿಲೋ ಬಂದು ಕೆಲವು ವರ್ಷವಾಗಿತ್ತು. ಆದರೂ ಕೂಲಿಯಾಳುಗಳು ಮಣದಲ್ಲೇ ಲೆಕ್ಕ ಹಾಕಿ ಬಾಯಿ ತೆರೆಯುತ್ತಿದ್ದರು. ಮೊದಲ ಸೋಮವಾರ ನೂರ ಮೂರು ಕಿಲೋ. ಐದು ವಾರಕ್ಕೆ ತೊಂಬತ್ತಾರು.

"ಭತ್ತ ತೂಕ ಕಮ್ಮಿ ಬಂದ್ರ ನಾ ಬಯ್ತೀನಿ. ನನ್ನ ತೂಕ ಕಮ್ಮಿ ಬಂದ್ರ ಈ ನನ್ಮಕ್ಳು ನಗ್ತಾವ" ಎಂದು ಯಜಮಾನರೇ ನಗುತ್ತ ಇಳಿದರು. ಅಂದು ಅಟ್ಟದ ಮೆಟ್ಟಿಲು ಅರ್ಧದವರೆಗೆ ಹತ್ತಿದರು. ಡಾಕ್ಟರು ಸರಿಯಾದ ದಾರಿಯಲ್ಲಿದ್ದೀರಿ ಎಂದರು.

ನನಗೆ ಅಷ್ಟು ಸಾಕಾಗಬೇಕಿತ್ತು. ಸಾಕಾಗಲಿಲ್ಲ. ಯಜಮಾನರು ಔಷಧಿ ಕುಡಿಯುವ ಹಾಗೆ ಊಟ ಮಾಡುತ್ತಿದ್ದರು. ತಟ್ಟೆಯ ಮುಂದೆ ಕೂತೊಡನೆ ಮುಖ ಬಾಡುತ್ತಿತ್ತು. ಹುರುಳಿ ಎಷ್ಟು ಬೇಯಿಸಿದರೂ ಕಲ್ಲಿನಂತಿರುತ್ತಿತ್ತು. ಆ ಮನೆಯ ಬಾವಿ ನೀರು ಗಡುಸು, ಬೇಳೆಕಾಳು ಕರಗುವ ನೀರಲ್ಲ. ಒಂದು ಮಧ್ಯಾಹ್ನ ಅವರು ಒಂದು ತುತ್ತು ಬಾಯಿಗಿಟ್ಟು, ಕಷ್ಟಪಟ್ಟು ನುಂಗಿದರು. ಆಮೇಲೆ ಮೆಲ್ಲಗೆ ಹೇಳಿದರು: "ಗೋಡ ನೆಕ್ದಂಗದ ಕಣ್ಲಾ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನ ಕೈ ಊಟಕ್ಕೆ ಇಪ್ಪತ್ತು ವರ್ಷದಲ್ಲಿ ಯಾರೂ ಹೀಗೆ ಅಂದಿರಲಿಲ್ಲ.

ಮದುವೆ ಅಡುಗೆಯ ಸಾಮಾನಿನಲ್ಲಿ ನನ್ನ ಹತ್ತಿರ ಅಡುಗೆ ಸೋಡದ ತಗಡಿನ ಡಬ್ಬಿ ಸದಾ ಇರುತ್ತಿತ್ತು. ಬೇಯದ ಕಾಳಿಗೆ ಒಂದು ಚಿಟಿಕೆ ಹಾಕಿದರೆ ಬೆಣ್ಣೆಯಾಗುತ್ತದೆ, ಸೊಪ್ಪಿಗೆ ಹಾಕಿದರೆ ಹಸಿರು ಉಳಿಯುತ್ತದೆ. ಮರುದಿನ ಹುರುಳಿಗೆ ಹಾಕಿದೆ. ಹುರುಳಿ ಕರಗಿ ಸಾರು ಗಟ್ಟಿಯಾಯಿತು, ಸಪ್ಪೆ ಅಷ್ಟಾಗಿ ಗೊತ್ತಾಗಲಿಲ್ಲ. ಯಜಮಾನರು ತಲೆಯೆತ್ತಿ ನನ್ನ ಮುಖ ನೋಡಿ ಇನ್ನೊಂದು ಸೌಟು ಕೇಳಿದರು. ಅದಾದ ಮೇಲೆ ಚಿಟಿಕೆ ಹೋಗಿ ಬೆರಳ ತುದಿಯಾಯಿತು, ಬೆರಳ ತುದಿ ಹೋಗಿ ಅರ್ಧ ಚಮಚವಾಯಿತು. ಸೊಪ್ಪು ತಿಂದು ಹೊಟ್ಟೆ ಉಬ್ಬರ ಎಂದರೆ ಸಂಜೆ ನಿಂಬೆರಸಕ್ಕೆ ಸೋಡ ಕದಡಿ ಒಂದು ಲೋಟ ಕೊಡುತ್ತಿದ್ದೆ. ಬುರುಬುರು ನೊರೆ ಬಂದರೆ ಅವರಿಗೆ ಮಕ್ಕಳಂತೆ ಖುಷಿ. ದಿನಾ ಕೇಳತೊಡಗಿದರು. ನಾನೂ ದಿನಾ ಕೊಟ್ಟೆ.

ಸೊಸೆ ಒಮ್ಮೆ ಡಬ್ಬಿಯನ್ನು ನೋಡಿದಳು. "ಅಣ್ಣ, ಇದು ಚೀಟಿಲಿ ಇಲ್ಲ. ಡಾಕ್ಟರ ಒಂದು ಮಾತು ಕೇಳ್ಬುಡಿ" ಎಂದಳು.

"ಚೀಟಿ ಓದಾದು ನಿನ್ ಕೆಲ್ಸ ಕಣವ್ವ, ಒಲ ಮುಂದ ಕೂರಾದು ನನ್ ಕೆಲ್ಸ" ಎಂದೆ. ಅವಳು ಮತ್ತೆ ಆ ಮಾತು ಎತ್ತಲಿಲ್ಲ.

ಮುಂದಿನ ಸೋಮವಾರ ತೂಕ ತೊಂಬತ್ತೇಳು. ಒಂದು ಕಿಲೋ ತಾನೇ ಎಂದುಕೊಂಡು ಮುದ್ದೆಯನ್ನು ಇನ್ನೂ ಸಣ್ಣದು ಮಾಡಿದೆ. ಆಮೇಲಿನ ವಾರ ತೊಂಬತ್ತೊಂಬತ್ತು. ರಾತ್ರಿಯ ಮುದ್ದೆ ನಿಲ್ಲಿಸಿ ಬರೀ ಸೊಪ್ಪು ಕೊಟ್ಟೆ. ಅದರ ಮುಂದಿನ ವಾರ ನೂರ ಎರಡು. ಮುಖ ಇಳಿದಿತ್ತು, ತೋಳು ಸೊರಗಿತ್ತು, ತಕ್ಕಡಿ ಮಾತ್ರ ಏರುತ್ತಿತ್ತು. ಕಾಲಿನ ಮೇಲೆ ಚಪ್ಪಲಿಯ ಬಾರು ಹೂತು ಗುರುತು ಬೀಳುತ್ತಿತ್ತು. ಮಲಗಿದರೆ ಉಸಿರು ಕಟ್ಟುತ್ತದೆಂದು ಹಾಸಿಗೆ ಸುರುಳಿಗೆ ಒರಗಿ ಕೂತೇ ನಿದ್ದೆ ಮಾಡತೊಡಗಿದರು. ಹಗಲಲ್ಲಿ ಮಾತಾಡುವಾಗಲೂ ನಾಲ್ಕು ಮಾತಿಗೊಮ್ಮೆ ನಿಲ್ಲಿಸಿ ಉಸಿರೆಳೆಯಬೇಕಾಗುತ್ತಿತ್ತು.

ಡಾಕ್ಟರು ಬಂದು ಮೊಣಕಾಲ ಕೆಳಗೆ ಹೆಬ್ಬೆರಳು ಒತ್ತಿದರು. ಒತ್ತಿದ ಕಡೆ ಗುಳಿ ಬಿತ್ತು. ಏರಿದ್ದು ಕೊಬ್ಬಲ್ಲ, ನೀರು ಎಂದರು. ಈ ನೀರು ಹೀಗೇ ಏರಿದರೆ ಹೃದಯ ತಡೆಯುವುದಿಲ್ಲ, ಇವರಿಗೆ ಎಲ್ಲಿಂದಲೋ ಉಪ್ಪು ಸೇರುತ್ತಿದೆ, ಯಾರು ಅಂತ ನೋಡಿ ಎಂದು ಹೇಳಿ ನೀರಿಳಿಸುವ ಸೂಜಿ ಚುಚ್ಚಿ ಹೋದರು.

ಮನೆಯವರ ಕಣ್ಣು ಸೊಸೆಯ ಮೇಲೆ ಬಿತ್ತು. ಅದಕ್ಕೆ ಕಾರಣವೂ ಇತ್ತು. ನಾನು ಬಂದ ಹೊಸದರಲ್ಲಿ ಅವಳು ಮಾವನ ಮುಖ ನೋಡಲಾರದೆ ಅನ್ನಕ್ಕೆ ಒಂದು ಹರಳು ಉಪ್ಪು ಉದುರಿಸಿ, ಆಮೇಲೆ ತಾನೇ ಬಂದು ಒಪ್ಪಿಕೊಂಡಿದ್ದಳು. ಅಕ್ಕಯ್ಯ ಉಪ್ಪಿನ ಮಡಕೆಯನ್ನು ತಮ್ಮ ಕೋಣೆಗೆ ಒಯ್ದಿಟ್ಟುಕೊಂಡರು. ಸೊಸೆ ಅಡುಗೆ ಮನೆಯ ಹೊಸ್ತಿಲು ದಾಟಬಾರದು ಎಂದರು. ತೂಕ ಇಳಿಯಲಿಲ್ಲ. ಪಡಸಾಲೆಯಲ್ಲಿ ಎಲ್ಲರೆದುರು ಅವಳನ್ನು ನಿಲ್ಲಿಸಿ ಕೇಳಿದರು. ಅವಳು ಇಲ್ಲ ಎಂದಳು. ಅಕ್ಕಯ್ಯ ನನ್ನ ಕಡೆ ತಿರುಗಿದರು.

"ನಿನ್ನ ಕೈಲಿ ಏನಾದ್ರೂ ತಪ್ಪಾಯ್ತಾ? ಇರಾದ್ನ ಏಳು."

"ನನ್ ಕೈಲಿ ಒಂದು ಹರಳು ಬಿದ್ದಿಲ್ಲ ಅಕ್ಕಯ್ಯ" ಎಂದೆ. ಅದು ಸುಳ್ಳಲ್ಲ ಎಂದೇ ನಂಬಿದ್ದೆ. ಆದರೆ ಆ ಮಾತು ಹೇಳಿ ಸುಮ್ಮನಾದಾಗ ಅವಳ ಕತ್ತಿಗೆ ನಾನೇ ಹಗ್ಗ ಬಿಗಿದ ಹಾಗಾಯಿತು. ಅವಳು ನನ್ನನ್ನು ಒಂದು ಸಲ ನೋಡಿ ತಲೆ ತಗ್ಗಿಸಿದಳು. ಮರುದಿನ ಗಂಡನೇ ಕೊಳ್ಳೇಗಾಲದವರೆಗೆ ಕರೆದುಕೊಂಡು ಹೋಗಿ ಹನೂರು ಬಸ್ಸು ಹತ್ತಿಸಿ ಬಂದ. ಮಾವನನ್ನು ಉಪ್ಪು ಹಾಕಿ ಕೊಲ್ಲಹೋದ ಸೊಸೆ ಎಂದು ಊರಲ್ಲಿ ಮಾತಾಯಿತು.

ಅವಳು ಹೋದ ಮೇಲಿನ ಸೋಮವಾರ ತಕ್ಕಡಿ ನೂರ ಮೂರು ತೋರಿಸಿತು. ಶುರು ಮಾಡಿದ ಜಾಗಕ್ಕೇ ಬಂದು ನಿಂತಿದ್ದೆವು, ಅದಕ್ಕಿಂತ ಕೆಟ್ಟ ಮೈಯೊಂದಿಗೆ. ಯಜಮಾನರಿಗೆ ತಕ್ಕಡಿಯಿಂದ ಇಳಿಯಲು ಇಬ್ಬರು ಹಿಡಿದುಕೊಳ್ಳಬೇಕಾಯಿತು.

ಅಡುಗೆ ಮನೆಗೆ ಬಂದು ಕೂತೆ. ಸೊಸೆ ಇಲ್ಲ. ಉಪ್ಪು ಅಕ್ಕಯ್ಯನ ಕೋಣೆಯಲ್ಲಿದೆ. ಯಜಮಾನರು ಮನೆಯಾಚೆ ಒಂದು ತುತ್ತು ಮುಟ್ಟುತ್ತಿಲ್ಲ. ಚಿಕ್ಕ ಒಲೆಯ ಪಾತ್ರೆಗೆ ಬೀಳುವುದೆಲ್ಲ ನನ್ನ ಕೈಯಿಂದಲೇ ಬೀಳಬೇಕು. ಹಾಗಾದರೆ ಬಿದ್ದದ್ದು ಯಾವುದು? ಆ ಒಲೆಗೆ ಹಾಕುವ ಒಂದೊಂದನ್ನೂ ಒಂದೊಂದು ಕಾಗದದಲ್ಲಿ ಪೊಟ್ಟಣ ಕಟ್ಟಿದೆ. ಮೆಣಸು, ಜೀರಿಗೆ, ಸಾಸಿವೆ, ಇಂಗು, ಹುಣಸೆ, ಹುರುಳಿ, ರಾಗಿಹಿಟ್ಟು, ಸೋಡ. ಒಂದು ಸೀಸೆಯಲ್ಲಿ ಬಾವಿ ನೀರು. ಮನೆಯಲ್ಲಿ ಸಾಮಾನು ತರಬೇಕೆಂದು ಹೇಳಿ ಕೊಳ್ಳೇಗಾಲದ ಬಸ್ಸು ಹತ್ತಿದೆ.

ಡಾಕ್ಟರು ಮೇಜಿನ ಮೇಲೆ ಪೊಟ್ಟಣ ಒಂದೊಂದಾಗಿ ಬಿಚ್ಚಿದರು. ರಾಗಿಹಿಟ್ಟಿನವರೆಗೆ ಎಲ್ಲವನ್ನೂ ನೋಡಿ ಪಕ್ಕಕ್ಕೆ ಸರಿಸಿದರು. ಬಿಳಿ ಪುಡಿಯನ್ನು ಬೆರಳಿಗೆ ಹಚ್ಚಿ ನಾಲಿಗೆಗಿಟ್ಟರು.

"ಇದು?"

"ಅಡುಗೆ ಸೋಡ, ಸಾ. ಕಾಳು ಬೇಯಾಕ."

"ದಿನಕ್ಕೆ ಎಷ್ಟು?"

ಸಾರಿಗೆ, ಸೊಪ್ಪಿಗೆ, ಸಂಜೆಯ ನಿಂಬೆ ನೀರಿಗೆ ಎಷ್ಟೆಷ್ಟು ಎಂದು ಹೇಳಿದೆ. ಹೇಳುತ್ತ ಹೋದ ಹಾಗೆ ಅವರ ಮುಖ ಗಟ್ಟಿಯಾಯಿತು. ಉಪ್ಪಿನಲ್ಲಿ ಮೈಗೆ ನೀರು ಹಿಡಿದು ನಿಲ್ಲಿಸುವ ಒಂದು ಅಂಶವಿದೆ, ಅದೇ ಅಂಶ ಈ ಸೋಡದಲ್ಲೂ ಇದೆ, ನಾಲಿಗೆಗೆ ಉಪ್ಪು ಅನ್ನಿಸದಿದ್ದರೂ ಹೃದಯಕ್ಕೆ ಅದು ಉಪ್ಪೇ ಎಂದು ಬಿಡಿಸಿ ಹೇಳಿದರು. ಬೈಯಲಿಲ್ಲ. "ನಾನು ಚೀಟಿಯಲ್ಲಿ ಬರೆಯಬೇಕಿತ್ತಪ್ಪಾ" ಎಂದರು. ಇವತ್ತಿನಿಂದ ನಿಲ್ಲಿಸು, ಮನೆಯಲ್ಲಿ ಗೊತ್ತಾದರೆ ನಿನ್ನನ್ನು ಓಡಿಸಿ ಪಥ್ಯವನ್ನೇ ಕೆಡಿಸಿಕೊಳ್ಳುತ್ತಾರೆ, ಬೇಕಾದರೆ ನಾನು ಮದ್ದು ಬದಲಾಯಿಸಿದೆ ಎಂದು ಹೇಳುತ್ತೇನೆ, ಆಮೇಲೆ ನಿನ್ನಿಷ್ಟ ಎಂದರು.

ಬಸ್ ಸ್ಟ್ಯಾಂಡಿನಲ್ಲಿ ಯಳಂದೂರಿನ ಒಂದು ಬಸ್ಸನ್ನು ಹೋಗಲು ಬಿಟ್ಟೆ. ಡಾಕ್ಟರು ತೋರಿಸಿದ ದಾರಿ ಸುಲಭದ್ದು. ಸೋಡ ನಿಲ್ಲುತ್ತದೆ, ನೀರಿಳಿಯುತ್ತದೆ, ಹೆಸರು ನನ್ನದೇ ಉಳಿಯುತ್ತದೆ. ಇವನ ಕೈ ಊಟ ತಿಂದು ಸಾಹುಕಾರರು ಊದಿಕೊಂಡರು ಎಂಬ ಮಾತು ಹುಟ್ಟಿದರೆ ಮುಂದಿನ ಲಗ್ನಗಳಿಗೆ ಯಾರು ಕರೆಯುತ್ತಾರೆ? ಆದರೆ ಸೊಸೆ ಹೋದ ಮೇಲೆ ನೀರಿಳಿದರೆ, ಅವಳೇ ಉಪ್ಪು ಹಾಕುತ್ತಿದ್ದಳು ಎಂಬುದು ಸಾಯುವವರೆಗೂ ನಿಜವಾಗಿಬಿಡುತ್ತದೆ. ಎರಡನೇ ಬಸ್ಸು ಬಂದಾಗ ಹತ್ತಿದೆ.

ಯಜಮಾನರು ಪಡಸಾಲೆಯಲ್ಲಿ ಹಾಸಿಗೆ ಸುರುಳಿಗೆ ಒರಗಿದ್ದರು. ಬಾಗಿಲ ಹತ್ತಿರ ಅಕ್ಕಯ್ಯ. ಡಬ್ಬಿಯನ್ನು ಯಜಮಾನರ ಮುಂದಿಟ್ಟು ಹೇಳಿದೆ. ಡಾಕ್ಟರನ್ನು ಕೇಳಿ ಎಂದು ಸೊಸೆ ಹೇಳಿದ್ದನ್ನೂ, ನಾನು ಅವಳ ಬಾಯಿ ಮುಚ್ಚಿಸಿದ್ದನ್ನೂ ಬಿಡದೆ ಹೇಳಿದೆ.

"ಆ ಎಣ್ಮಗಳ ಬಸ್ಸತ್ತಿಸ್ದಾಗ ನಿನ್ ಬಾಯಿಗ ಏನಾಗಿತ್ತು?" ಎಂದರು ಅಕ್ಕಯ್ಯ. ಹೇಳಿ ಒಳಗೆ ಹೋದರು. ಅವಳನ್ನು ಕಳಿಸಿದ್ದು ತಾವೇ ಎಂಬುದು ಅವರಿಗೂ ಆಗಲೇ ಚುಚ್ಚಿರಬೇಕು.

ಯಜಮಾನರು ಬಹಳ ಹೊತ್ತು ಉಸಿರು ಒಟ್ಟುಮಾಡಿಕೊಂಡರು. "ಓಗಿ ಕರ್ಕಬಾ. ನಮ್ಮೈದ, ಅವಳ್ ಗಂಡ, ಬ್ಯಾಡ. ನೀನೇ ಓಗು."

ಹನೂರಿನಲ್ಲಿ ಅವಳ ತಂದೆ ನನ್ನನ್ನು ಜಗುಲಿಯ ಮೇಲೆ ಕೂರು ಎನ್ನಲಿಲ್ಲ. ಅಂಗಳದಲ್ಲಿ ನಿಂತೇ ಎಲ್ಲವನ್ನೂ ಹೇಳಿದೆ. ಅವಳು ಮೊರದ ಮುಂದೆ ಕೂತು ಅವರೆಕಾಯಿ ಬಿಡಿಸುತ್ತ, ಕೈ ನಿಲ್ಲಿಸದೆ ಕೇಳಿದಳು.

"ನನ್ ಮಗಳ ಮ್ಯಾಲ ಕೊಲ ಒರ್ಸಿ ಕಳಿಸ್ದೋರು, ಕರಿಯಾಕ ಅಡುಗ ಮಾಡೋನ್ನ ಕಳ್ಸವ್ರಾ?" ಎಂದು ತಂದೆ ಕೇಳಿದರು.

ಅವಳು ಮಾತ್ರ ಕೇಳಿದ್ದು ಬೇರೆ. "ಮಾವಯ್ಯ ಈಗ ಎಷ್ಟು ತೂಗ್ತಾರ ಅಣ್ಣ?"

"ನೂರ ಮೂರು, ತಾಯಿ."

ಮೊರವನ್ನು ಪಕ್ಕಕ್ಕಿಟ್ಟು ಕೈ ತೊಳೆದುಕೊಂಡಳು.

ಅವಳು ಬಂದ ಮರುದಿನ ಯಜಮಾನರು ಚಿಕ್ಕ ಒಲೆ ಇನ್ನು ಅವಳದು ಎಂದರು. ನನ್ನನ್ನು ಕಳಿಸಲಿಲ್ಲ, ಪಕ್ಕದಲ್ಲಿ ಕೂತು ಹೇಳಿಕೊಡು ಎಂದರು. ಓಡಿಸಿದ್ದರೆ ವಾಸಿ ಅನ್ನಿಸಿತು. ಮಣೆ ಹಾಕಿಕೊಂಡು ಕೂತೆ. ಅವಳ ಕೈಯಲ್ಲಿ ಹದವಿರಲಿಲ್ಲ. ಮೆಣಸು ಸೀಯಿಸುತ್ತಿದ್ದಳು, ಸೊಪ್ಪು ಕದಡಿಬಿಡುತ್ತಿದ್ದಳು. ಬಾವಿ ನೀರು ಬಿಟ್ಟು ಹೊಳೆ ನೀರು ತರಿಸಿ, ಹುರುಳಿಯನ್ನು ಎರಡು ದಿನ ನೆನೆಸಿ, ಬೆಂದ ಮೇಲೆ ಒರಳಲ್ಲಿ ರುಬ್ಬಿಹಾಕುವುದು ಅವಳದೇ ಬುದ್ಧಿ. ಇಪ್ಪತ್ತು ವರ್ಷದಲ್ಲಿ ನನಗೆ ಅದು ಹೊಳೆದಿರಲಿಲ್ಲ, ಏಕೆಂದರೆ ನನಗೆ ಡಬ್ಬಿ ಇತ್ತು. ಏನು ಬಡಿಸಿದರೂ ಯಜಮಾನರು ತಟ್ಟೆ ತೊಳೆದು ಕುಡಿದು ಏಳುತ್ತಿದ್ದರು. ಗೋಡೆ ನೆಕ್ಕಿದ ಮಾತು ಮತ್ತೆ ಬರಲಿಲ್ಲ.

ಸೂಜಿಮದ್ದಿಗೆ ನೀರಿಳಿಯಿತು. ತಕ್ಕಡಿ ವಾರವಾರ ಕೆಳಗೆ ಬಂತು. ಎರಡು ತಿಂಗಳಿಗೆ ತೊಂಬತ್ತು ದಾಟಿ ಕೆಳಗಿಳಿದಾಗ ಗಿರಣಿಯಲ್ಲಿ ಯಾರೂ ನಗಲಿಲ್ಲ. ಕತ್ತಿನ ಎಲುಬು ಎದ್ದು ಕಾಣುತ್ತಿತ್ತು, ಜುಬ್ಬ ಗೂಟಕ್ಕೆ ತಗುಲಿಹಾಕಿದಂತಿತ್ತು. ಹೊರೆ ಇಳಿದಿತ್ತು, ಎತ್ತು ಮೇಲೇಳಲಿಲ್ಲ. ಕೊಯ್ಲಿನ ಭತ್ತ ಗಿರಣಿಗೆ ಬರುತ್ತಿದ್ದ ಒಂದು ಬೆಳಿಗ್ಗೆ ಕುರ್ಚಿಯಲ್ಲಿ ಕೂತ ಹಾಗೇ ಹೋದರು.

ಡಾಕ್ಟರನ್ನು ಒಂದು ಬದಿಗೆ ಕರೆದು ಕೇಳಿದೆ, ಆ ಸೋಡದ ದಿನಗಳು ಇಲ್ಲದಿದ್ದರೆ ಎಂದು. ಅವರು ಕೈ ತೊಳೆಯುತ್ತಿದ್ದರು. ಅದನ್ನೆಲ್ಲ ಕೇಳಬೇಡಪ್ಪಾ ಎಂದರು.

ಹನ್ನೊಂದನೇ ದಿನದ ಶಿವಗಣಾರಾಧನೆಯ ಅಡುಗೆ ನನಗೇ ಬಿತ್ತು. ಅಕ್ಕಯ್ಯನೇ ಹೇಳಿಕಳಿಸಿದ್ದರು. ನಾನೂರು ಜನ. ಹಂಡೆಯಲ್ಲಿ ಸಾರು ಕುದಿಯುತ್ತಿತ್ತು, ಅನ್ನ ಬಸಿದಾಗಿತ್ತು. ಯಜಮಾನರ ಸಮಾಧಿಯ ಗದ್ದುಗೆಗೆ ಇಡುವ ಎಡೆ ಕೇಳಲು ಅಕ್ಕಯ್ಯ ಒಳಗೆ ಬಂದವರು ಒಲೆಯ ಮೂಲೆಯನ್ನು ನೋಡಿ ನಿಂತುಬಿಟ್ಟರು. ಅಲ್ಲಿ ಯಜಮಾನರ ಆ ಚಿಕ್ಕ ಪಾತ್ರೆಯಲ್ಲಿ ಉಪ್ಪು ಹಾಕುವ ಮುಂಚೆ ತೆಗೆದಿಟ್ಟ ಸಾರು ಇತ್ತು. ಯಾವಾಗ ತೆಗೆದಿಟ್ಟೆನೋ ನನಗೇ ತಿಳಿಯದು. ಕೈ ರೂಢಿಯಂತೆ ಮಾಡಿಬಿಟ್ಟಿತ್ತು.

"ಈಗಾದ್ರೂ ನನ್ ತಮ್ಮನ್ಗ ಉಪ್ಪಾಕಿ ಇಡಪ್ಪ" ಎಂದರು ಅಕ್ಕಯ್ಯ. ಸೆರಗು ಬಾಯಿಗಿಟ್ಟುಕೊಂಡು ಹೊರಗೆ ಹೋದರು.

ಸೊಸೆ ಉಪ್ಪಿನ ಮಡಕೆ ತಂದು ಮುಂದಿಟ್ಟಳು. ನಾನು ಮಡಕೆಗೆ ಕೈ ಹಾಕಿದೆ. ಎಡೆಗೆ ಮುಂಚೆ ರುಚಿ ನೋಡುವಂತಿಲ್ಲ, ಕೈಯಂದಾಜಿನಲ್ಲೇ ಹಾಕಬೇಕು. ನಾನೂರು ಜನರ ಹಂಡೆಗೆ ಕಣ್ಣುಮುಚ್ಚಿ ಹಾಕಿದ್ದೆ. ಈ ಒಂದು ಪಾತ್ರೆಗೆ ಅಂದಾಜು ಸಿಗಲಿಲ್ಲ.

"ಎಷ್ಟು ಹಾಕ್ಲಿ ತಾಯಿ?" ಎಂದೆ.

ಅವಳು ಪಾತ್ರೆಯನ್ನೇ ನೋಡುತ್ತಿದ್ದಳು. "ನಂಗೂ ಮರ್ತೋಗದ ಅಣ್ಣ" ಎಂದಳು.

ಹೊರಗೆ ಎಲೆ ಹಾಕಿ ಆಗಿತ್ತು. ಎಡೆ ಬರಲಿ ಎಂದು ಯಾರೋ ಕೂಗಿದರು. ನಾವಿಬ್ಬರೂ ಅಲ್ಲೇ ನಿಂತಿದ್ದೆವು.